ಮನೆವಾರ್ತೆ: ನೀರು ಪರೀಕ್ಷಿಸುವ ಪೆಟ್ಟಿಗೆ ಮನೆಯೊಳಗಿದ್ದರೆ

ಧರ್ಮಪುರಿಯ ಕಡೆಯ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮನೆಯಲ್ಲೀಗ ಎರಡು ಪೆಟ್ಟಿಗೆಗಳಿವೆಯಂತೆ. ಒಂದು ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಗಡಸು ಎಷ್ಟಿದೆ ಎಂದು ನೋಡಲು ಯಜಮಾನರು ತಂದದ್ದು. ಇನ್ನೊಂದು ಮೊಮ್ಮಗನ ಗಾಜಿನ ಮೀನಿನ ತೊಟ್ಟಿಯ ನೀರು ನೋಡಲು ಮಗ ಸೇಲಂನಿಂದ ತಂದದ್ದು. "ಎರಡರಲ್ಲೂ ಪುಟ್ಟ ಪುಟ್ಟ ಬಾಟಲಿಗಳು. ಹನಿ ಹಾಕಿದರೆ ನೀರಿಗೆ ಬಣ್ಣ ಬರುತ್ತದೆ. ಮಕ್ಕಳಿಗೆ ಅದೊಂದು ಆಟ. ಇವು ವಿಷವೇ, ಅಲ್ಲವೇ? ಅಡುಗೆಮನೆಯಲ್ಲಿ ಇಡಬಹುದೇ?" ಎಂಬುದು ಅವರ ಪ್ರಶ್ನೆ.

ಒಳ್ಳೆಯ ಪ್ರಶ್ನೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ. ತನಕ ಮಾತ್ರ. ಆದರೆ ಅಂಗಡಿಯಲ್ಲಿ ಕುಳಿತವನಿಗೆ ಒಂದು ಅಭ್ಯಾಸ ಇರುತ್ತದೆ: ಯಾವ ಸರಕು ಬಂದರೂ ಮೊದಲು ಅದರ ಚೀಟಿ ಓದುವುದು. ಈ ಬಾಟಲಿಗಳ ಚೀಟಿಗಳನ್ನು ಓದಿ, ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರನ್ನು ಕೇಳಿ ತಿಳಿದುಕೊಂಡದ್ದನ್ನು ಈ ತಿಂಗಳು ಬರೆಯುತ್ತಿದ್ದೇನೆ. ಪತ್ರದ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬೇಕೆಂದರೆ ಇಷ್ಟು: ಹೌದು, ಕೆಲವು ವಿಷವೇ, ಅಡುಗೆಮನೆಯಲ್ಲಿ ಯಾವುದನ್ನೂ ಇಡಬಾರದು. ಹಾಗೆಂದು ಹೆದರಿ ಪರೀಕ್ಷೆಯನ್ನೇ ಬಿಡಬೇಕಾಗಿಲ್ಲ. ಏಕೆ ಬಿಡಬಾರದು ಎಂಬುದನ್ನು ಮೊದಲು ನೋಡೋಣ.

ನಮ್ಮ ಜಿಲ್ಲೆಗಳ ನೀರು

ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರೆಯಾದದ್ದು 1965ರಲ್ಲಿ. ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ಕಾಗದದ ಮೇಲೆ ಜಿಲ್ಲೆ ಮೂರಾದರೂ ನೆಲದ ಕೆಳಗಿನ ಬಂಡೆಗೆ ಆ ಗಡಿ ಗೊತ್ತಿಲ್ಲ. ಧರ್ಮಪುರಿ, ಪಾಲಕೋಡು, ಪೆನ್ನಾಗರಂ ಕಡೆಯ ಗಟ್ಟಿ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಮಳೆ ಕಡಿಮೆ, ಬಾವಿ ಆಳ. ನೀರು ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತಷ್ಟೂ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದೇ ಇದ್ದಲ್ಲಿ 1.5 ಮಿಲಿಗ್ರಾಂ ತನಕ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಕೀಲು ಬಿಗಿಯುತ್ತವೆ. ಒಮ್ಮೆ ಬಿಗಿದ ಮೇಲೆ ಮೊದಲಿನಂತೆ ಮಾಡುವ ಔಷಧಿ ಇಲ್ಲ. ತಡೆಯುವುದೊಂದೇ ದಾರಿ.

ಇದಕ್ಕಾಗಿಯೇ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆ ಬಂದಿತು. ಜಪಾನಿನ ಸಾಲದ ನೆರವಿನೊಡನೆ 2008ರಲ್ಲಿ ಶಂಕುಸ್ಥಾಪನೆಯಾಗಿ, 2013ರಲ್ಲಿ ಕಾವೇರಿಯ ನೀರು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಹರಿಯಿತು. ಇದು ದೊಡ್ಡ ಉಪಕಾರ. ಆದರೆ ನಲ್ಲಿಯಲ್ಲಿ ನೀರು ಬಾರದ ದಿನ ಕೊಳವೆಬಾವಿಯ ಸ್ವಿಚ್ಚು ಒತ್ತುವವರು ಇಂದಿಗೂ ಇದ್ದಾರೆ. ತೊಟ್ಟಿಯಲ್ಲಿ ಎರಡು ನೀರೂ ಬೆರೆಯುವ ಮನೆಗಳಿವೆ.

ಇಲ್ಲಿ ನಮ್ಮವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ನೀರನ್ನು ದಪ್ಪ ಬಟ್ಟೆಯಲ್ಲಿ ಗಾಳಿಸಿ ಕುಡಿಯುವುದು, ಕಾಯಿಸಿ ಕುಡಿಯುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಕಸಕಡ್ಡಿಗೆ, ಕ್ರಿಮಿಗೆ ಅದು ಒಳ್ಳೆಯದೇ. ಆದರೆ ಫ್ಲೋರೈಡ್ ನೀರಿನಲ್ಲಿ ಕರಗಿರುವ ಉಪ್ಪು. ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಕಾಯಿಸಿದರೆ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆಯೇ ಹೊರತು ಇಳಿಯುವುದಿಲ್ಲ. "ನಾವು ಗಾಳಿಸಿ, ಕಾಯಿಸಿ ಕುಡಿಯುತ್ತೇವೆ, ನಮಗೇನೂ ಆಗದು" ಎಂದು ಸುಮ್ಮನಿರುವ ಮನೆಗಳೇ ಪರೀಕ್ಷೆ ಮಾಡಿಸಬೇಕು. ಬಣ್ಣ, ರುಚಿ, ವಾಸನೆ ನೋಡಿ ಫ್ಲೋರೈಡ್ ಹೇಳಲು ಯಾರಿಂದಲೂ ಆಗದು.

ಸೇಲಂ ಪಟ್ಟಣದವರಿಗೆ ಬೇರೆ ತಾಪತ್ರಯ. ಊರ ಉತ್ತರಕ್ಕಿರುವ ಬಿಳಿ ಸುಣ್ಣದ ಗುಡ್ಡಗಳು ಮ್ಯಾಗ್ನಸೈಟ್ ಖನಿಜದ ಗುಡ್ಡಗಳು. ಅಂಥ ನೆಲದ ಬಾವಿಯ ನೀರಿನಲ್ಲಿ ಮ್ಯಾಗ್ನೀಸಿಯಂ ಕರಗಿ ಗಡಸು ಹೆಚ್ಚುತ್ತದೆ. ಬೇಳೆ ಬೇಯದು, ಸೋಪು ನೊರೆಯಾಗದು, ಗೀಸರಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಗಡಸು ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ ಎನ್ನುತ್ತದೆ ಮಾನಕ. ಬೇರೆ ದಾರಿ ಇಲ್ಲದಿದ್ದರೆ 600ರ ತನಕ.

ಮೀನಿನ ತೊಟ್ಟಿಯ ಮಾತು

ಮೀನನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂಡಿಹಾಕುವುದು ನಮ್ಮ ಮನೆಗಳಿಗೆ ಒಪ್ಪುವ ಕೆಲಸವೇ ಎಂದು ಹಿರಿಯರು ಕೇಳುವುದುಂಟು. ನನ್ನನ್ನು ಕೇಳಿದರೆ ಹೊಸದಾಗಿ ತರುವುದು ಬೇಡ. ಆದರೆ ಮಗು ಆಸೆಪಟ್ಟು ತಂದಾಗಿದೆ, ಜೀವ ಮನೆಯೊಳಗೆ ಬಂದಾಗಿದೆ ಎಂದ ಮೇಲೆ ಅದನ್ನು ಕೊಳಕು ನೀರಿನಲ್ಲಿ ಸಾಯಲು ಬಿಡುವುದು ಇನ್ನೂ ದೊಡ್ಡ ತಪ್ಪು. ಕೆರೆಗೆ ಬಿಟ್ಟುಬಿಡೋಣ ಎನ್ನುವವರಿದ್ದಾರೆ. ಅದೂ ಸರಿಯಲ್ಲ. ಹೊರದೇಶದ ಮೀನು ನಮ್ಮ ಕೆರೆಯ ಮೀನುಗಳಿಗೆ ಕಂಟಕವಾಗಬಹುದು. ಇಲ್ಲವೇ ತಾನೇ ಬದುಕದೆ ಹೋಗಬಹುದು.

ಮೀನು ತಾನಿರುವ ನೀರಿನಲ್ಲಿಯೇ ಅಮೋನಿಯಾ ಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯಾ. ತೊಟ್ಟಿಯ ಕಲ್ಲು, ಸೋಸುಕಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲೆರಡು ಮೀನಿಗೆ ಬಲು ಅಪಾಯ, ಮೂರನೆಯದು ಅಷ್ಟಿಲ್ಲ. ಹೊಸ ತೊಟ್ಟಿಯಲ್ಲಿ ಆ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಹಲವು ವಾರ ಬೇಕು. "ತಂದ ಮೀನು ವಾರದಲ್ಲೇ ಸತ್ತುಹೋಯಿತು" ಎನ್ನುವುದಕ್ಕೆ ಇದೇ ಮುಖ್ಯ ಕಾರಣ. ನೀರು ಕ್ಷಾರದ ಕಡೆಗಿದ್ದರೆ ಅದೇ ಅಮೋನಿಯಾ ಇನ್ನೂ ಹೆಚ್ಚು ವಿಷವಾಗುತ್ತದೆ. ನಲ್ಲಿಯ ನೀರಾದರೆ ಅದರ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಆದ್ದರಿಂದ ತೊಟ್ಟಿ ಇಟ್ಟವರು ನೀರು ಪರೀಕ್ಷೆ ಮಾಡಲೇಬೇಕು. ಅಲ್ಲಿಂದ ಈ ಬಾಟಲಿಗಳು ಮನೆ ಸೇರುತ್ತವೆ.

ಬಾಟಲಿಗಳಲ್ಲಿ ಏನಿದೆ?

ಎಲ್ಲ ಬಾಟಲಿಯೂ ಒಂದೇ ಅಲ್ಲ. ಅವನ್ನು ಒಂದೊಂದಾಗಿ ನೋಡೋಣ.

ಫ್ಲೋರೈಡ್ ನೋಡುವ ದ್ರಾವಣ: ಜಿರ್ಕೋನಿಯಂ ಲೋಹದ ಉಪ್ಪು ಮತ್ತು ಒಂದು ಬಣ್ಣ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ. ಹೆಚ್ಚಾಗಿ ಬಳಕೆಯಲ್ಲಿರುವ ಬಗೆಯಲ್ಲಿ ಫ್ಲೋರೈಡ್ ಕಡಿಮೆ ಇದ್ದರೆ ಗುಲಾಬಿ ಬಣ್ಣ ಉಳಿಯುತ್ತದೆ. ಹೆಚ್ಚಿದ್ದರೆ ಹಳದಿಗೆ ತಿರುಗುತ್ತದೆ. ಇದರಲ್ಲಿ ಕಣ್ಣಿಗೂ ಚರ್ಮಕ್ಕೂ ಅಪಾಯ ಆಮ್ಲದಿಂದ.

ಗಡಸು ನೋಡುವ ಹನಿಗಳು: ಇದರ ಜೊತೆ ಬರುವ ಒಂದು ಬಾಟಲಿಯಲ್ಲಿ ಅಮೋನಿಯಾದ ಘಾಟು ಇರುತ್ತದೆ. ಮುಚ್ಚಳ ತೆಗೆದು ಮೂಗಿಗೆ ಹಿಡಿಯಬಾರದು. ದ್ರಾಕ್ಷಿಯ ಕೆಂಪು ನೀಲಿಯಾಗುವ ತನಕ ಹನಿ ಎಣಿಸುವುದು ಈ ಪರೀಕ್ಷೆ.

ಅಮೋನಿಯಾ ನೋಡುವ ಬಾಟಲಿ: ಇಲ್ಲಿ ಎರಡು ಬಗೆ ಇದೆ, ಇದನ್ನು ಗಮನವಿಟ್ಟು ಓದಿ. ಒಂದು ಬಗೆಗೆ ನೆಸ್ಲರ್ ದ್ರಾವಣ ಎಂದು ಹೆಸರು. ಹನಿ ಹಾಕಿದರೆ ನೀರು ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಇದರಲ್ಲಿ ಇರುವುದು ಪಾದರಸದ ಸಂಯುಕ್ತ, ಅದೂ ಸುಡುವ ಕ್ಷಾರದೊಳಗೆ. ಘೋರ ವಿಷ. ಇನ್ನೊಂದು ಬಗೆ ಸ್ಯಾಲಿಸಿಲೇಟ್ ಪರೀಕ್ಷೆ. ಬಣ್ಣ ಹಳದಿಯಿಂದ ಹಸಿರಿಗೆ ಹೋಗುತ್ತದೆ. ಇದರಲ್ಲಿ ಪಾದರಸ ಇಲ್ಲ. ಆದರೆ ಅದರ ಎರಡನೆಯ ಬಾಟಲಿಯಲ್ಲಿ ಕಾಸ್ಟಿಕ್ ಸೋಡ ಮತ್ತು ಬಟ್ಟೆ ಬಿಳಿಮಾಡುವ ದ್ರಾವಣ ಇರುವುದುಂಟು. ಮನೆಗೆ ಕೊಳ್ಳುವುದಾದರೆ ಎರಡನೆಯ ಬಗೆಯನ್ನೇ ಕೇಳಿ ಕೊಳ್ಳಿ. ಚೀಟಿಯಲ್ಲಿ "ನೆಸ್ಲರ್" ಎಂದಿದ್ದರೆ, "ಪಾದರಸ" ಎಂದಿದ್ದರೆ, ನಾಲ್ಕು ಕಾಸು ಅಗ್ಗವಾದರೂ ಬೇಡ.

ನೈಟ್ರೈಟ್, ನೈಟ್ರೇಟ್ ಬಾಟಲಿಗಳು: ಇವುಗಳಲ್ಲಿ ಬಹುಮಟ್ಟಿಗೆ ಆಮ್ಲ. ಕೆಲವು ನೈಟ್ರೇಟ್ ಪರೀಕ್ಷೆಗಳಲ್ಲಿ ಲೋಹದ ಪುಡಿಯೂ ಇರುತ್ತದೆ. ಅದರಲ್ಲಿ ಕ್ಯಾಡ್ಮಿಯಂ ಎಂಬುದು ವಿಷಲೋಹ.

ಕ್ಲೋರಿನ್ ನೋಡುವ ಹನಿ: ಹಳೆಯ ಬಗೆಯಲ್ಲಿ ಹಳದಿ ಬಣ್ಣ ಬರಿಸುವ ಆರ್ಥೋಟಾಲಿಡಿನ್ ಇರುತ್ತದೆ. ಇದು ಕ್ಯಾನ್ಸರ್ ತರಬಹುದೆಂಬ ಶಂಕೆಯ ರಾಸಾಯನಿಕ. ಗುಲಾಬಿ ಬಣ್ಣ ಬರುವ ಡಿ.ಪಿ.ಡಿ. ಮಾತ್ರೆ ಅಥವಾ ಪುಡಿ ಈಗ ಸಿಗುತ್ತದೆ. ಅದನ್ನೇ ಕೊಳ್ಳಿ. ಹಾಗೆಂದು ಅದನ್ನೂ ಕೈಯಲ್ಲಿ ಮುಟ್ಟಬಾರದು.

ಕ್ರಿಮಿ ನೋಡುವ ಸೀಸೆ: ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ, ಮಲಿನ ನೀರಾದರೆ ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ನಾತ ಬರುತ್ತದೆ. ಇಲ್ಲಿ ಅಪಾಯ ರಾಸಾಯನಿಕದ್ದಲ್ಲ. ಸೀಸೆಯೊಳಗೆ ಕ್ರಿಮಿಗಳು ಕೋಟಿಗಟ್ಟಲೆ ಬೆಳೆದಿರುತ್ತವೆ.

ಕಣ್ಣಿನ ಹನಿಯ ಪಕ್ಕದಲ್ಲಿ

ಈಚೆಗೆ ಪಾಲಕೋಡು ಕಡೆಯ ಪರಿಚಯದ ಮನೆಗೆ ವಸೂಲಿಗೆಂದು ಹೋಗಿದ್ದೆ. ಅಜ್ಜಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಹದಿನೈದು ದಿನ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ. ಆ ಹನಿಯ ಬಾಟಲಿ ಕಿಟಕಿಯ ಅಡ್ಡಹಲಗೆಯ ಮೇಲಿತ್ತು. ಅದರ ಪಕ್ಕದಲ್ಲೇ, ಅದೇ ಅಳತೆಯ, ಅದೇ ಬಿಳಿ ಪ್ಲಾಸ್ಟಿಕ್ಕಿನ, ಅದೇ ಚೂಪು ಮೂತಿಯ ಇನ್ನೊಂದು ಬಾಟಲಿ: ನೈಟ್ರೈಟ್ ಪರೀಕ್ಷೆಯದು. ಹುಡುಗ ಮೀನಿನ ನೀರು ನೋಡಿ ಅಲ್ಲಿಟ್ಟು ಶಾಲೆಗೆ ಹೋಗಿದ್ದ. ಅಜ್ಜಿಗೆ ಅಕ್ಷರ ಕಾಣದು. ಕೈಗೆ ಸಿಕ್ಕ ಬಾಟಲಿಯ ಮೂತಿ ತಡವಿ ಹನಿ ಹಾಕಿಕೊಳ್ಳುವುದು ಅವರ ರೂಢಿ. ಸೊಸೆಗೆ ತೋರಿಸಿದೆ. ಆಕೆಯ ಮುಖ ಬಿಳುಚಿತು. ಆ ಗಳಿಗೆಯಲ್ಲೇ ಬಾಟಲಿ ಅಲ್ಲಿಂದ ಹೋಯಿತು.

ಏನೂ ಆಗಲಿಲ್ಲ. ಆದರೆ ಆಗಬಹುದಾಗಿತ್ತು. ಆಮ್ಲ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಕ್ಷಾರ ಅದಕ್ಕಿಂತ ಕೆಟ್ಟದ್ದು, ಒಳಕ್ಕೆ ಇಳಿಯುತ್ತ ಹೋಗುತ್ತದೆ. ನೀರು ಪರೀಕ್ಷೆಯ ಬಾಟಲಿ, ಕಣ್ಣಿನ ಹನಿ, ಕಿವಿಯ ಹನಿ, ಮಗುವಿನ ಮೂಗಿನ ಹನಿ ಎಲ್ಲವೂ ನೋಡಲು ಅಣ್ಣತಮ್ಮಂದಿರಂತೆ ಇರುತ್ತವೆ. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ: ಔಷಧಿ ಇರುವ ಕೋಣೆಯಲ್ಲಿಯೇ ಇವು ಇರಬಾರದು.

ಇಡುವ ಕ್ರಮ

ವ್ಯಾಪಾರಸ್ಥರಿಗೆ ದಾಸ್ತಾನಿನ ಶಿಸ್ತು ಹೊಸದಾಗಿ ಕಲಿಸಬೇಕಾಗಿಲ್ಲ. ಗೋಡೌನಿನಲ್ಲಿ ಸಬ್ಬಕ್ಕಿ ಮೂಟೆಯ ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬ ಇಡುವವರು ಯಾರು? ಅದೇ ಲೆಕ್ಕ ಮನೆಗೂ ಅನ್ವಯಿಸಿ.

1. ಬೀಗ ಹಾಕುವ ಒಂದು ತಗಡಿನ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆ ಗೊತ್ತುಮಾಡಿ. ಎರಡೂ ಪರೀಕ್ಷೆಯ ಬಾಟಲಿಗಳು ಅದರಲ್ಲೇ. ಪೆಟ್ಟಿಗೆ ಎತ್ತರದ ಜಾಗದಲ್ಲಿ, ನೆರಳಲ್ಲಿ, ತಂಪಾಗಿ, ಬಾಟಲಿಗಳು ನೆಟ್ಟಗೆ ನಿಂತಿರುವಂತೆ ಇರಲಿ.

2. ಅಡುಗೆಮನೆ ಬೇಡ, ದೇವರ ಮನೆ ಬೇಡ, ಫ್ರಿಜ್ಜು ಬೇಡ. ತಂಪಾಗಿಡಿ ಎಂದರೆ ಹಾಲಿನ ಪಕ್ಕದಲ್ಲಿಡಿ ಎಂದರ್ಥವಲ್ಲ.

3. ಒಂದು ಬಾಟಲಿಯಿಂದ ಇನ್ನೊಂದಕ್ಕೆ ಬದಲಾಯಿಸಬೇಡಿ. ತಂಪು ಪಾನೀಯದ ಖಾಲಿ ಬಾಟಲಿಗೆ ಆಸಿಡ್, ಬ್ಲೀಚಿಂಗ್ ನೀರು ತುಂಬಿಡುವ ಕೆಟ್ಟ ಚಾಳಿ ಎಷ್ಟೋ ಮನೆಗಳಲ್ಲಿದೆ. ಸೇಲಂನ ಬೆಳ್ಳಿ ಕೆಲಸದ ಮನೆಗಳವರು ನೈಟ್ರಿಕ್ ಆಮ್ಲದ ವಿಷಯದಲ್ಲಿ ಇದನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕು. ಬಾಯಾರಿದ ಮಗು ಚೀಟಿ ಓದುವುದಿಲ್ಲ, ಬಾಟಲಿಯ ಆಕಾರ ನೋಡುತ್ತದೆ.

4. ಬಾಟಲಿ ತೆರೆದ ದಿನವನ್ನು ಅದರ ಮೇಲೆ ಬರೆಯಿರಿ. ಅವಧಿ ಮುಗಿದ ದ್ರಾವಣ ಸುಳ್ಳು ಬಣ್ಣ ತೋರಿಸುತ್ತದೆ. ಸುಳ್ಳು ತಕ್ಕಡಿಯಿಂದ ತೂಗುವುದಕ್ಕಿಂತ ತೂಗದಿರುವುದು ಲೇಸು. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವ ಮುನ್ನ ಅಂಗಡಿಯ ದಾಸ್ತಾನು ಎಣಿಸುತ್ತೇವಲ್ಲ, ಆ ದಿನವೇ ಈ ಪೆಟ್ಟಿಗೆಯ ತಾರೀಖುಗಳನ್ನೂ ನೋಡಿಬಿಡಿ.

5. ಬಾಟಲಿಯ ಜೊತೆ ಬಂದ ಚೀಟಿಯನ್ನು ಎಸೆಯಬೇಡಿ. ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಆಪತ್ತಿನಲ್ಲಿ ವೈದ್ಯರು ಮೊದಲು ಕೇಳುವುದು "ಒಳಗೆ ಏನಿತ್ತು?" ಎಂದು.

ಪರೀಕ್ಷೆ ಮಾಡುವಾಗ

ಊಟದ ಮೇಜು, ಅಡುಗೆ ಕಟ್ಟೆ ಬಿಟ್ಟು ಬೇರೆಡೆ ಹಗಲು ಬೆಳಕಿನಲ್ಲಿ ಕುಳಿತುಕೊಳ್ಳಿ. ಬಣ್ಣ ಸರಿಯಾಗಿ ಕಾಣುವುದು ಹಗಲು ಬೆಳಕಿನಲ್ಲಿಯೇ. ಅಂಚುಳ್ಳ ಒಂದು ಹಳೆಯ ತಟ್ಟೆ ಹಾಕಿ ಅದರ ಮೇಲೆ ಕೆಲಸ ಮಾಡಿ. ಚೆಲ್ಲಿದರೆ ತಟ್ಟೆಯಲ್ಲೇ ಉಳಿಯುತ್ತದೆ. ಆ ತಟ್ಟೆ ಮತ್ತೆ ಅಡುಗೆಗೆ ಹೋಗಬಾರದು. ಕೈಗೆ ತೆಳು ಗವಸು, ಕಣ್ಣಿಗೆ ಕನ್ನಡಕ ಇರಲಿ. ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು ಸಿದ್ಧವಿರಲಿ.

ತೊಟ್ಟಿಯಿಂದ ಅಥವಾ ನಲ್ಲಿಯಿಂದ ನೀರನ್ನು ಪರೀಕ್ಷೆಯ ಕೊಳವೆಗೆ ತೆಗೆದುಕೊಳ್ಳಿ. ಬಾಯಿಂದ ಎಳೆಯಬೇಡಿ. ಹನಿಯನ್ನು ಕೊಳವೆಗೆ ಹಾಕಬೇಕೇ ಹೊರತು ತೊಟ್ಟಿಗಲ್ಲ. ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿದರೆ ಹನಿಗಳು ಒಂದೇ ಗಾತ್ರದಲ್ಲಿ ಬೀಳುತ್ತವೆ. ಓರೆ ಹಿಡಿದರೆ ಲೆಕ್ಕ ತಪ್ಪುತ್ತದೆ. ಒಂದು ಬಾಟಲಿಯ ಮುಚ್ಚಳವನ್ನು ಇನ್ನೊಂದಕ್ಕೆ ಹಾಕಬೇಡಿ.

ಕೊಳವೆ ಅಲ್ಲಾಡಿಸುವಾಗ ಹೆಬ್ಬೆರಳಿನಿಂದ ಬಾಯಿ ಮುಚ್ಚುವವರನ್ನು ನೋಡಿದ್ದೇನೆ. ಆಮ್ಲ ಬೆರಳಿಗೆ, ಬೆರಳು ಕಣ್ಣಿಗೆ ಅಥವಾ ಬಾಯಿಗೆ. ಕೊಳವೆಗೆ ಮುಚ್ಚಳ ಕೊಟ್ಟಿರುತ್ತಾರೆ, ಅದನ್ನೇ ಬಳಸಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಗವಸು ಹಾಕಿದ್ದರೂ ತೊಳೆಯಿರಿ.

ಮಕ್ಕಳಿಗೆ ಇದು ಆಟವಾಗಬಾರದು ಎಂದೆ. ಹಾಗೆಂದು ಅವರನ್ನು ಓಡಿಸಬೇಕಾಗಿಲ್ಲ. ಹತ್ತು ಹನ್ನೆರಡು ವಯಸ್ಸಿನ ಹುಡುಗ ಹುಡುಗಿಯರು ದೊಡ್ಡವರ ಪಕ್ಕದಲ್ಲಿ ಕುಳಿತು ಬಣ್ಣ ನೋಡಿ ಪುಸ್ತಕದಲ್ಲಿ ಬರೆಯಲಿ: ತಾರೀಖು, ಯಾವ ನೀರು, ಎಷ್ಟು ಬಂತು. ಹನಿ ಹಾಕುವ ಕೈ ಮಾತ್ರ ದೊಡ್ಡವರದಾಗಿರಲಿ. ಇನ್ನೂ ಸಣ್ಣ ಮಕ್ಕಳಿರುವ ಮನೆಯವರು ಬಾಟಲಿಯ ಬದಲು ನೀರಿನಲ್ಲಿ ಅದ್ದಿ ನೋಡುವ ಕಾಗದದ ಪಟ್ಟಿಗಳನ್ನು ಕೊಳ್ಳಬಹುದು. ಲೆಕ್ಕ ಅಷ್ಟು ಕರಾರುವಾಕ್ಕಾಗಿ ಬಾರದಿದ್ದರೂ ಚೆಲ್ಲುವ ದ್ರವ ಇಲ್ಲ. ಆ ಪಟ್ಟಿಯೂ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ಉಳಿದ ನೀರನ್ನು ಏನು ಮಾಡುವುದು?

ನೀರು ಗಾಳಿಸಿದ ಬಟ್ಟೆಯನ್ನು ತಿರುವಿ, ಆ ಜೀವಗಳು ಬಂದ ಬಾವಿಗೇ ಮರಳಿ ಬಿಡುವುದು ನಮ್ಮ ಹಿರಿಯರ ಕ್ರಮ. ಎಲ್ಲಿಂದ ತಂದೆವೋ ಅಲ್ಲಿಗೇ ಸೇರಿಸಬೇಕು ಎಂಬ ಆ ಸಂಸ್ಕಾರ ಬಹಳ ದೊಡ್ಡದು. ಆದರೆ ಪರೀಕ್ಷೆ ಮಾಡಿದ ನೀರಿನ ವಿಷಯದಲ್ಲಿ ಮಾತ್ರ ಆ ಕ್ರಮ ತಿರುಗುಮುರುಗು. ಹನಿ ಬಿದ್ದ ನೀರು ಬಾವಿಗೂ ಹೋಗಬಾರದು, ಮೀನಿನ ತೊಟ್ಟಿಗೂ ಹೋಗಬಾರದು, ತುಳಸಿ ಗಿಡಕ್ಕೂ ಹೋಗಬಾರದು. ನಾಲ್ಕೇ ಹನಿ ತಾನೇ ಎಂದು ಹಿಂದಕ್ಕೆ ಸುರಿದರೆ, ಕಾಪಾಡಲೆಂದು ಪರೀಕ್ಷಿಸಿದ ಜೀವಕ್ಕೆ ನಾವೇ ವಿಷ ಹಾಕಿದಂತೆ.

ಫ್ಲೋರೈಡ್, ಗಡಸು, ಸ್ಯಾಲಿಸಿಲೇಟ್ ಬಗೆಯ ಅಮೋನಿಯಾ, ನೈಟ್ರೈಟ್ ಇವುಗಳ ಕೊಳವೆಯ ನೀರನ್ನು ಒಂದೊಂದಾಗಿ, ಧಾರಾಳ ನೀರು ಹುಯ್ದು ಚರಂಡಿಗೆ ಬಿಡಬಹುದು. ಎಲ್ಲವನ್ನೂ ಒಂದೇ ಲೋಟದಲ್ಲಿ ಸೇರಿಸಿಡಬೇಡಿ. ಬಿಳಿಮಾಡುವ ದ್ರಾವಣಕ್ಕೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹನಿಗಳಲ್ಲಿ ಅದು ಅಲ್ಪವೇ. ಆದರೆ ಅವಧಿ ಮುಗಿದ ಬಾಟಲಿಗಳನ್ನೆಲ್ಲ ಒಮ್ಮೆಗೇ ಒಂದೇ ಡಬ್ಬಕ್ಕೆ ಸುರಿಯುವವರು ಎಚ್ಚರ. ಬಚ್ಚಲು ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಹಾಕಬಾರದು ಎನ್ನುವುದಕ್ಕೂ ಇದೇ ಕಾರಣ.

ನೆಸ್ಲರ್ ದ್ರಾವಣ, ಕ್ಯಾಡ್ಮಿಯಂ ಪುಡಿ ಇರುವ ಪರೀಕ್ಷೆಗಳ ನೀರು ಚರಂಡಿಗೂ ಬೇಡ, ಇಂಗುಗುಂಡಿಗೂ ಬೇಡ. ಪಾದರಸ, ಕ್ಯಾಡ್ಮಿಯಂ ಕೊಳೆಯುವ ವಸ್ತುಗಳಲ್ಲ; ಎಲ್ಲಿ ಹೋದರೂ ಉಳಿಯುತ್ತವೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯೊಂದರಲ್ಲಿ ಶೇಖರಿಸಿ, ಮೇಲೆ ದಪ್ಪ ಅಕ್ಷರದಲ್ಲಿ "ಪಾದರಸದ ವಿಷ" ಎಂದು ಕನ್ನಡದಲ್ಲೂ ತಮಿಳಿನಲ್ಲೂ ಬರೆದು, ಬೀಗದ ಪೆಟ್ಟಿಗೆಯಲ್ಲೇ ಇಡಿ. ಮನೆಯ ಅಪಾಯಕಾರಿ ಕಸವನ್ನು ಬೇರೆಯಾಗಿಯೇ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಲಾಗಿತ್ತು. ನಗರಸಭೆಯವರನ್ನು ಕೇಳಿ ಅವರು ಹೇಳಿದಲ್ಲಿ ಒಪ್ಪಿಸಿ. ಇಷ್ಟೆಲ್ಲ ತೊಂದರೆ ಏಕೆ ಎನಿಸಿದರೆ, ಮೊದಲೇ ಹೇಳಿದಂತೆ ಅದನ್ನು ಕೊಳ್ಳದಿರುವುದೇ ಜಾಣತನ.

ಕಪ್ಪಾದ ಕ್ರಿಮಿ ಪರೀಕ್ಷೆಯ ಸೀಸೆಯನ್ನು ಹಾಗೆಯೇ ಚೆಲ್ಲಬೇಡಿ. ಗವಸು ಹಾಕಿಕೊಂಡು, ಮನೆಯ ಹೊರಗೆ ಮುಚ್ಚಳ ತೆಗೆದು, ಬ್ಲೀಚಿಂಗ್ ಪುಡಿಯ ನೀರು ತುಂಬಿ, ಅರ್ಧ ಗಂಟೆಯಾದರೂ ಬಿಟ್ಟು ಆಮೇಲೆ ಚರಂಡಿಗೆ ಸುರಿಯಿರಿ. ಸೀಸೆಯನ್ನು ಉಪ್ಪಿನಕಾಯಿಗೆಂದು ತೊಳೆದಿಡುವ ಉಳಿತಾಯ ಬೇಡ.

ಆಪತ್ತು ಬಂದರೆ

ಕಣ್ಣಿಗೆ ಬಿದ್ದರೆ: ಡಾಕ್ಟರ ಬಳಿಗೆ ಓಡುವ ಮೊದಲು ನೀರು. ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ನಿಧಾನವಾಗಿ ಧಾರೆಯಾಗಿ 15ರಿಂದ 20 ನಿಮಿಷ ಹುಯ್ಯುತ್ತಿರಿ. ಗಡಿಯಾರ ನೋಡಿ, ಗಾಬರಿಯಲ್ಲಿ ಎರಡು ನಿಮಿಷವೇ ಇಪ್ಪತ್ತರಂತೆ ತೋರುತ್ತದೆ. ಉಜ್ಜಬೇಡಿ. ಹಾಲು, ಎಣ್ಣೆ, ಹರಳೆಣ್ಣೆ, ಜೇನು ಯಾವುದೂ ಬೇಡ. ಆಮೇಲೆ ಕಣ್ಣಿನ ಆಸ್ಪತ್ರೆ.

ಚರ್ಮಕ್ಕೆ ಬಿದ್ದರೆ: ತೊಯ್ದ ಬಟ್ಟೆ ತೆಗೆದು ಅಷ್ಟೇ ಹೊತ್ತು ನೀರು.

ನುಂಗಿದರೆ: ಬಾಯಿ ಮುಕ್ಕಳಿಸಿ ಉಗುಳಿಸಿ. ವಾಂತಿ ಮಾಡಿಸಬೇಡಿ. ಹಿರಿಯರು ಉಪ್ಪುನೀರು ಕುಡಿಸಲು, ಬೆರಳು ಹಾಕಿ ಕಕ್ಕಿಸಲು ಹೋಗುತ್ತಾರೆ. ಅದು ಅವರ ಪ್ರೀತಿ, ಆದರೆ ಇಳಿಯುವಾಗ ಗಂಟಲು ಸುಟ್ಟದ್ದು ಏರುವಾಗ ಇನ್ನೊಮ್ಮೆ ಸುಡುತ್ತದೆ. ಕ್ಷಾರಕ್ಕೆ ನಿಂಬೆರಸ, ಆಮ್ಲಕ್ಕೆ ಸೋಡ ಎಂಬ ಮನೆವೈದ್ಯವೂ ಬೇಡ. ವೈದ್ಯರು ಹೇಳುವ ತನಕ ಬಾಯಿಗೆ ಬೇರೇನೂ ಹಾಕಬೇಡಿ.

108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ. ಅದರ ಉಚಿತ ದೂರವಾಣಿ 1800 116 117, ಹಗಲು ರಾತ್ರಿ ಇರುತ್ತದೆ. ಎರಡು ನಂಬರನ್ನೂ ಪೆಟ್ಟಿಗೆಯ ಮೇಲೆ ಬರೆದಿಡಿ. ಧರ್ಮಪುರಿಯಲ್ಲೂ ಸೇಲಂನಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಹೋಗುವಾಗ ಬಾಟಲಿಯನ್ನೂ ಚೀಟಿಯನ್ನೂ ಜೊತೆಯಲ್ಲಿ ಒಯ್ಯಿರಿ. ಪಾದರಸದ ದ್ರಾವಣವಾಗಿದ್ದರೆ, ಒಂದೇ ಹನಿಯಾದರೂ, ಮಗು ಆಡಿಕೊಂಡಿದ್ದರೂ, ಆಸ್ಪತ್ರೆಗೆ ತೋರಿಸಲೇಬೇಕು.

ಬಾಟಲಿಯೇ ಬೇಡ ಎನ್ನುವವರಿಗೆ

ಕುಡಿಯುವ ನೀರಿನ ಪರೀಕ್ಷೆಗೆ ಮನೆಯಲ್ಲಿ ರಾಸಾಯನಿಕ ಇಟ್ಟುಕೊಳ್ಳಲೇಬೇಕೆಂದಿಲ್ಲ. ತಮಿಳುನಾಡು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಪ್ರಯೋಗಾಲಯಗಳು ಜಿಲ್ಲೆಗಳಲ್ಲಿವೆ. ಶುಲ್ಕ ಕಟ್ಟಿ ನೀರು ಕೊಟ್ಟರೆ ಪರೀಕ್ಷಿಸಿ ಬರೆದುಕೊಡುತ್ತಾರೆ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಲ್ಲಿ ಹಳ್ಳಿಗೆ ಐವರು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಿ ಪೆಟ್ಟಿಗೆ ಕೊಡುವ ಏರ್ಪಾಡು ಮಾಡಲಾಯಿತು. ನಿಮ್ಮ ಪಂಚಾಯಿತಿಯಲ್ಲಿ ಅವರು ಯಾರೆಂದು ವಿಚಾರಿಸಿ. ನಮ್ಮ ಹೆಣ್ಣುಮಕ್ಕಳೂ ಕಲಿತರೆ ಇನ್ನೂ ಸಂತೋಷ.

ಮನೆಯ ಪರೀಕ್ಷೆಯಲ್ಲಿ ಫ್ಲೋರೈಡ್ ಹೆಚ್ಚೆಂದು ಕಂಡರೆ ಅದನ್ನೇ ಕೊನೆಯ ಮಾತೆಂದು ತಿಳಿಯದೆ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ನೋಡಿಸಿ. ನಿಜವಾದರೆ ಕುಡಿಯಲು, ಅಡುಗೆಗೆ ಹೊಗೇನಕಲ್ ನೀರು ಅಥವಾ ಶೇಖರಿಸಿದ ಮಳೆನೀರು ಬಳಸಿ. ಆರ್.ಓ. ಯಂತ್ರ, ಆಕ್ಟಿವೇಟೆಡ್ ಅಲ್ಯುಮಿನಾ ಸೋಸುಕ ಇವೂ ಫ್ಲೋರೈಡ್ ಇಳಿಸುತ್ತವೆ. ಮೇಣದಬತ್ತಿ ಆಕಾರದ ಮಾಮೂಲು ಫಿಲ್ಟರು ಇಳಿಸುವುದಿಲ್ಲ. ಸ್ನಾನಕ್ಕೆ, ಬಟ್ಟೆಗೆ ಕೊಳವೆಬಾವಿಯ ನೀರಿಗೆ ಅಡ್ಡಿಯಿಲ್ಲ.

ಪತ್ರ ಬರೆದ ತಾಯಿಯವರು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದಾರೆ: ಆರ್.ಓ. ಯಂತ್ರದಿಂದ ಹೊರಗೆ ಹೋಗುವ ಅಷ್ಟೊಂದು ನೀರನ್ನು ವ್ಯರ್ಥ ಮಾಡದೆ ಏನು ಮಾಡಬಹುದು ಎಂದು. ನೆಲ ಒರೆಸಲು, ಶೌಚಕ್ಕೆ ಬಳಸಬಹುದು. ದನಕರುಗಳಿಗೆ ಕುಡಿಸಬಾರದು, ಏಕೆಂದರೆ ತೆಗೆದ ಫ್ಲೋರೈಡ್ ಎಲ್ಲ ಅದರಲ್ಲೇ ಸೇರಿರುತ್ತದೆ. ಇದನ್ನು ಮುಂದಿನ ಸಂಚಿಕೆಯಲ್ಲಿ ವಿವರವಾಗಿ ಬರೆಯುವೆ. ಅಷ್ಟರೊಳಗೆ ಓದುಗ ಬಂಧುಗಳು ತಮ್ಮ ತಮ್ಮ ಮನೆಯ ಕಿಟಕಿಯ ಅಡ್ಡಹಲಗೆಗಳನ್ನು ಒಮ್ಮೆ ನೋಡಿಕೊಳ್ಳಲಿ.